ಬೀಳದ ಚೆಂಡು ಎಲ್ಲಿಗೆ ಹೋಯಿತು?

‘ದಿನಾ ಪ್ರಾಕ್ಟೀಸ್ ಮಾಡ್ತೀನಿ, ಆದ್ರೂ ಅಷ್ಟೇ ಕಣೇ.’ ಬ್ಯಾಸ್ಕೆಟ್‌ಬಾಲ್ ಕೋರ್ಟಿನ ಅಂಚಿನಲ್ಲಿ ಶೂ ಬಿಚ್ಚುತ್ತಾ ಕೂತವರ ಬಾಯಲ್ಲಿ ಈ ಮಾತು ಕೇಳದ ವಾರವಿಲ್ಲ. ತಿಂಗಳ ಹಿಂದೆ ಹತ್ತು ಫ್ರೀ ಥ್ರೋ ಹಾಕಿದರೆ ಆರು ಬೀಳುತ್ತಿದ್ದವು. ತಿಂಗಳಿಡೀ ಬೆವರು ಸುರಿಸಿದ ಮೇಲೂ ಆರೇ ಬೀಳುತ್ತವೆ. ಕೆಲವು ದಿನ ನಾಲ್ಕಕ್ಕೇ ನಿಲ್ಲುತ್ತದೆ. ಅಂಥ ಸಂಜೆ ಚೆಂಡನ್ನು ಮೂಲೆಗೆ ಒದ್ದು ಮನೆಗೆ ಹೋಗೋಣ ಅನ್ನಿಸುವುದು ಸಹಜ.

ಇದೇ ಮಾತು ಓದುವ ಕೋಣೆಗಳಲ್ಲೂ ಕೇಳುತ್ತದೆ. ಹತ್ತು ಮಾಕ್ ಟೆಸ್ಟ್ ಬರೆದರೂ ಅಂಕ ಅಲ್ಲೇ ನಿಂತಿದೆ. ಟೈಪಿಂಗ್ ಕಲಿಯುವವರಿಗೆ ವೇಗ ಒಂದು ಹಂತದವರೆಗೆ ಸರಸರನೆ ಏರಿ ಆಮೇಲೆ ಅಲ್ಲಾಡುವುದೇ ಇಲ್ಲ. ಇಂಗ್ಲಿಷ್ ಮಾತಾಡಲು ಕಲಿಯುವವರ ಪಾಡೂ ಇದೇ. ಆಗ ನಮಗೆ ಸಿಗುವ ಸಲಹೆಗಳು ಎರಡೇ. ಒಂದು, ‘ಇನ್ನೂ ಕಷ್ಟಪಡು’. ಇನ್ನೊಂದು, ‘ಅದು ಹುಟ್ಟಿನಿಂದ ಬರಬೇಕು, ನಿನ್ನ ಕೈಲಿ ಆಗಲ್ಲ ಬಿಡು’.

ಎರಡೂ ಸಲಹೆ ನನಗೆ ಒಪ್ಪಿಗೆಯಿಲ್ಲ. ಮುನ್ನಡೆ ಕಾಣದೆ ಕೈಚೆಲ್ಲುವ ಹೆಚ್ಚಿನವರಲ್ಲಿ ಶ್ರಮಕ್ಕೆ ಕೊರತೆಯಿಲ್ಲ, ಪ್ರತಿಭೆಗೂ ಅಷ್ಟೊಂದು ಕೊರತೆಯಿಲ್ಲ. ಕೊರತೆ ಇರುವುದು ಲೆಕ್ಕದಲ್ಲಿ. ಬಿದ್ದ ಚೆಂಡನ್ನು ಎಲ್ಲರೂ ಎಣಿಸುತ್ತೇವೆ. ಬೀಳದ ಚೆಂಡು ಎಲ್ಲಿಗೆ ಹೋಯಿತು ಎಂದು ಯಾರೂ ಬರೆದಿಡುವುದಿಲ್ಲ.

ಒಂದು ಮೊಳದ ರಿಂಗ್

ಫ್ರೀ ಥ್ರೋ ನೋಡುವವರಿಗೆ ಬಹಳ ಸುಲಭ. ಎದುರಾಳಿ ಅಡ್ಡ ಬರುವುದಿಲ್ಲ. ನಿಂತಲ್ಲೇ ನಿಂತು, ಉಸಿರೆಳೆದುಕೊಂಡು, ಹಾಕಿದರಾಯಿತು. ಬೋರ್ಡಿನಿಂದ ಗೆರೆಗೆ 4.6 ಮೀಟರ್ ದೂರ. ರಿಂಗ್ ನೆಲದಿಂದ 3.05 ಮೀಟರ್ ಎತ್ತರ. ಇವು ಪ್ರಪಂಚದ ಯಾವ ಊರಿನ ಕೋರ್ಟಿಗೆ ಹೋದರೂ ಬದಲಾಗದ ಅಳತೆಗಳು. ಹಾಗಿದ್ದರೂ ಕೈ ತಪ್ಪುತ್ತದೆ.

ಯಾಕೆಂದು ಸ್ವಲ್ಪ ನೋಡೋಣ. ರಿಂಗಿನ ಅಡ್ಡಳತೆ 45 ಸೆಂಟಿಮೀಟರ್. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಹೂವು ಮಾರುವವರ ಲೆಕ್ಕದಲ್ಲಿ ಹೇಳುವುದಾದರೆ ಹೆಚ್ಚುಕಡಿಮೆ ಒಂದು ಮೊಳ. ಹುಡುಗರು ಆಡುವ ಚೆಂಡಿನ ಅಡ್ಡಳತೆ ಸುಮಾರು 24 ಸೆಂಟಿಮೀಟರ್. ಚೆಂಡು ನೇರ ಮೇಲಿನಿಂದ ಬಿದ್ದರೆ ಜಾಗ ಧಾರಾಳ. ಆದರೆ ನಮ್ಮ ಚೆಂಡು ಓರೆಯಾಗಿ ಬರುತ್ತದೆ. 45 ಡಿಗ್ರಿ ಕೋನದಲ್ಲಿ ಇಳಿದರೆ ಅದರ ಪಾಲಿಗೆ ರಿಂಗ್ 32 ಸೆಂಟಿಮೀಟರ್‌ನಷ್ಟೇ ಅಗಲ. 30 ಡಿಗ್ರಿಯಲ್ಲಿ ಚಪ್ಪಟೆಯಾಗಿ ಬಂದರೆ ಬರೀ 22.5 ಸೆಂಟಿಮೀಟರ್, ಅಂದರೆ ಚೆಂಡಿಗಿಂತಲೂ ಚಿಕ್ಕದು. ಅಂಥ ಚೆಂಡು ರಿಂಗಿಗೋ ಬೋರ್ಡಿಗೋ ತಾಗದೆ ಒಳಗೆ ಹೋಗುವ ಹಾಗೇ ಇಲ್ಲ.

ಪಿಯುಸಿಯ ತ್ರಿಕೋನಮಿತಿ ಇಷ್ಟಕ್ಕೆ ಸಾಕು. ಚಪ್ಪಟೆಯಾಗಿ ಎಸೆಯುವ ಅಭ್ಯಾಸವಿದ್ದವರು ದಿನಕ್ಕೆ ನೂರಲ್ಲ, ಐನೂರು ಎಸೆದರೂ ರಿಂಗ್ ಅವರ ಪಾಲಿಗೆ ಚಿಕ್ಕದಾಗಿಯೇ ಇರುತ್ತದೆ. ‘ಇನ್ನೂ ಕಷ್ಟಪಡು’ ಎಂಬ ಸಲಹೆ ಅವರಿಗೆ ಉಪಯೋಗವಿಲ್ಲದ್ದು ಮಾತ್ರವಲ್ಲ, ಹಾನಿಕರ ಕೂಡ. ತಪ್ಪನ್ನು ಐನೂರು ಸಲ ಮಾಡಿದರೆ ಗಟ್ಟಿಯಾಗುವುದು ತಪ್ಪೇ.

ಹತ್ತರ ಲೆಕ್ಕ ನಂಬಬೇಡಿ

ಈಗ ಆ ‘ಹತ್ತಕ್ಕೆ ಆರು’ ಎಂಬ ಲೆಕ್ಕಕ್ಕೆ ಬರೋಣ. ಒಬ್ಬಳ ನಿಜವಾದ ಸಾಮರ್ಥ್ಯ ನೂರಕ್ಕೆ ಅರವತ್ತು ಅಂತ ಇಟ್ಟುಕೊಳ್ಳಿ. ಅವಳು ಪ್ರತಿದಿನ ಹತ್ತೇ ಹತ್ತು ಎಸೆದು ಎಣಿಸಿದರೆ ದಿನವೂ ಆರು ಬೀಳುವುದಿಲ್ಲ. ಸಂಭವನೀಯತೆಯ ಲೆಕ್ಕ ಹಾಕಿದರೆ ಸುಮಾರು ಆರು ದಿನಕ್ಕೊಮ್ಮೆ ಅವಳಿಗೆ ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಬೀಳುತ್ತದೆ. ಹಾಗೆಯೇ ಸುಮಾರು ಆರು ದಿನಕ್ಕೊಮ್ಮೆ ಎಂಟು ಅಥವಾ ಅದಕ್ಕಿಂತ ಹೆಚ್ಚು ಬೀಳುತ್ತದೆ. ಈ ಏರಿಳಿತಕ್ಕೂ ಅವಳ ಕಲಿಕೆಗೂ ಸಂಬಂಧವೇ ಇಲ್ಲ.

ಆದರೆ ಎಂಟು ಬಿದ್ದ ದಿನ ನಾವು ಸ್ಟೇಟಸ್ ಹಾಕುತ್ತೇವೆ. ನಾಲ್ಕು ಬಿದ್ದ ದಿನ ಊಟ ಸೇರುವುದಿಲ್ಲ. ಒಂದೇ ಕೈ, ಒಂದೇ ಶಕ್ತಿ, ಅದೇ ರಿಂಗ್. ಅದೃಷ್ಟದ ಸಣ್ಣ ಅಲುಗಾಟವನ್ನು ನಮ್ಮ ಯೋಗ್ಯತೆಯ ಸರ್ಟಿಫಿಕೇಟ್ ಎಂದು ಓದಿಕೊಳ್ಳುತ್ತೇವೆ. ವಾರಕ್ಕೊಮ್ಮೆ ನೂರು ಎಸೆದು ಎಣಿಸಿ ನೋಡಿ. ಅರವತ್ತರ ಆಟಗಾರ್ತಿಗೆ ಹೆಚ್ಚಿನ ವಾರಗಳಲ್ಲಿ 55ರಿಂದ 65ರೊಳಗೆ ಬರುತ್ತದೆ. ಆ ಲೆಕ್ಕ ತಿಂಗಳಿಂದ ತಿಂಗಳಿಗೆ ಮೇಲೆ ಸರಿದರೆ ಅದಕ್ಕೆ ಅರ್ಥವಿದೆ.

ಇದಕ್ಕೆ ಭದ್ರಾವತಿಯಲ್ಲಿ ಹುಟ್ಟಿದ ಒಬ್ಬರ ಉದಾಹರಣೆ ಇದೆ, ಆಟ ಮಾತ್ರ ಬೇರೆ. ಜಿ.ಆರ್. ವಿಶ್ವನಾಥ್ ಹುಟ್ಟಿದ್ದು 1949ರಲ್ಲಿ ನಮ್ಮ ಭದ್ರಾವತಿಯಲ್ಲಿ. 1967ರಲ್ಲಿ ಮೈಸೂರು ತಂಡಕ್ಕೆ ಮೊದಲ ರಣಜಿ ಪಂದ್ಯ ಆಡಿದಾಗಲೇ ಆಂಧ್ರದ ಎದುರು 230 ರನ್ ಹೊಡೆದರು. 1969ರ ನವೆಂಬರ್‌ನಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ಎದುರು ಮೊದಲ ಟೆಸ್ಟ್. ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ. ಅದೇ ಪಂದ್ಯದ ಎರಡನೇ ಇನಿಂಗ್ಸ್‌ನಲ್ಲಿ 137.

ಈ ಕಥೆಯನ್ನು ‘ಸೋಲೇ ಗೆಲುವಿನ ಮೆಟ್ಟಿಲು’ ಎಂದು ಮುಗಿಸುವುದು ರೂಢಿ. ನನಗೆ ಅದರಲ್ಲಿ ಕಾಣುವುದು ಬೇರೆ. ಸೊನ್ನೆಗೂ 137ಕ್ಕೂ ನಡುವೆ ಇದ್ದದ್ದು ಕೆಲವೇ ದಿನ. ಅಷ್ಟರಲ್ಲಿ ಯಾರೂ ಬ್ಯಾಟಿಂಗ್ ಹೊಸದಾಗಿ ಕಲಿಯಲಾರರು. ಆ ಕಲೆ ಸೊನ್ನೆಗೆ ಔಟಾದ ದಿನವೂ ಅವರ ಮಣಿಕಟ್ಟಿನಲ್ಲೇ ಇತ್ತು. ಸ್ಕೋರ್‌ಬೋರ್ಡಿಗೆ ಅದು ಆ ದಿನ ಕಾಣಲಿಲ್ಲ, ಅಷ್ಟೇ. ಒಂದು ದಿನದ ಅಂಕಿ ಒಬ್ಬರ ಕೈಯಲ್ಲಿರುವ ವಿದ್ಯೆಯ ಪೂರ್ತಿ ಲೆಕ್ಕವಲ್ಲ.

ನಾಲ್ಕು ಕಾಲಂನ ನೋಟ್‌ಬುಕ್

ಹಾಗಾದರೆ ಏನನ್ನು ಎಣಿಸಬೇಕು? ನನ್ನ ಉತ್ತರ ಸರಳ. ಇಪ್ಪತ್ತು ರೂಪಾಯಿಯ ಒಂದು ನೋಟ್‌ಬುಕ್ ತೆಗೆದುಕೊಂಡು ನಾಲ್ಕು ಕಾಲಂ ಎಳೆಯಿರಿ: ಗಿಡ್ಡ, ಉದ್ದ, ಎಡ, ಬಲ. ಬೀಳದ ಪ್ರತಿ ಚೆಂಡಿಗೂ ಒಂದು ಗೀಟು ಹಾಕಿ. ರಿಂಗಿನ ಮುಂಭಾಗಕ್ಕೆ ಬಡಿದರೆ ಅಥವಾ ಮುಟ್ಟದೇ ಬಿದ್ದರೆ ಗಿಡ್ಡ. ಹಿಂಭಾಗಕ್ಕೆ ಬಡಿದು ವಾಪಸ್ ಹಾರಿದರೆ ಉದ್ದ. ಇನ್ನೆರಡು ಹೇಳಬೇಕಿಲ್ಲ. ಎಸೆಯುವವರು ಒಬ್ಬರು, ಗೀಟು ಹಾಕುವವರು ಒಬ್ಬರು ಇದ್ದರೆ ಇನ್ನೂ ಸಲೀಸು.

ಎರಡು ವಾರದಲ್ಲಿ ಆ ಪುಟ ಮಾತಾಡತೊಡಗುತ್ತದೆ. ಗೀಟುಗಳೆಲ್ಲ ‘ಗಿಡ್ಡ’ದಲ್ಲೇ ತುಂಬಿದ್ದರೆ, ಅದರಲ್ಲೂ ಅಭ್ಯಾಸದ ಕೊನೆಯ ಹೊತ್ತಿನಲ್ಲಿ, ತೊಂದರೆ ಇರುವುದು ಹೆಚ್ಚಾಗಿ ಕಾಲಿನಲ್ಲಿ. ಮಂಡಿ ಬಗ್ಗುತ್ತಿಲ್ಲ, ಕೈಯೊಂದೇ ಎಸೆಯುತ್ತಿದೆ. ಎಡಕ್ಕೋ ಬಲಕ್ಕೋ ವಾಲುತ್ತಿದ್ದರೆ ಮೊಣಕೈ ಹೊರಗೆ ಹೋಗುತ್ತಿದೆಯೇ, ಚೆಂಡಿಗೆ ಆಸರೆಯಾಗಿ ಇಡುವ ಕೈಯ ಹೆಬ್ಬೆರಳು ಕೊನೆಗಳಿಗೆಯಲ್ಲಿ ತಳ್ಳುತ್ತಿದೆಯೇ ಎಂದು ನೋಡಬೇಕು. ಹಿಂದಿನ ರಿಂಗಿಗೆ ಬಲವಾಗಿ ಬಡಿಯುತ್ತಿದ್ದರೆ ಚೆಂಡು ಚಪ್ಪಟೆಯಾಗಿ ಹೋಗುತ್ತಿದೆಯೋ ಏನೋ. ಗೆಳೆಯರ ಮೊಬೈಲಿನಲ್ಲಿ ಪಕ್ಕದಿಂದ ಹತ್ತು ಸೆಕೆಂಡಿನ ವಿಡಿಯೊ ತೆಗೆಸಿದರೆ ಇದೆಲ್ಲ ಕಣ್ಣಿಗೇ ಬೀಳುತ್ತದೆ. ರೀಲ್ಸ್‌ಗೆ ಹಾಕುವ ಅಗತ್ಯವಿಲ್ಲ. ರೀಲ್ಸ್‌ನಲ್ಲಿ ನಾವು ನೋಡುವುದು ಬಿದ್ದ ಚೆಂಡುಗಳನ್ನು ಮಾತ್ರ. ಆ ಒಂದು ಚೆಂಡಿನ ಹಿಂದೆ ಕತ್ತರಿಸಿ ಎಸೆದ ಎಷ್ಟು ಬೀಳದ ಚೆಂಡುಗಳಿವೆ ಎಂಬುದು ಯಾರಿಗೂ ಕಾಣುವುದಿಲ್ಲ.

ಈ ನೋಟ್‌ಬುಕ್ಕಿನ ದೊಡ್ಡ ಲಾಭ ಇನ್ನೊಂದಿದೆ. ಹೀಗೆ ಊಹಿಸಿಕೊಳ್ಳಿ: ಮೊದಲ ತಿಂಗಳು ನೂರಕ್ಕೆ ಅರವತ್ತು ಬಿದ್ದವು, ಬೀಳದ ನಲವತ್ತು ನಾಲ್ಕೂ ಕಾಲಂನಲ್ಲಿ ಚೆಲ್ಲಾಪಿಲ್ಲಿಯಾಗಿವೆ. ಎರಡನೇ ತಿಂಗಳೂ ಅರವತ್ತೇ, ಆದರೆ ಬೀಳದವು ಬಹುಪಾಲು ಗಿಡ್ಡ. ಬರೀ ಬಿದ್ದದ್ದನ್ನು ಎಣಿಸುವವಳಿಗೆ ಇದು ‘ಅಷ್ಟೇ’. ನೋಟ್‌ಬುಕ್ ಇರುವವಳಿಗೆ ಗೊತ್ತು, ದಿಕ್ಕು ಸರಿಹೋಗಿದೆ, ದೂರವೊಂದೇ ಬಾಕಿ. ಅಷ್ಟು ಕಡೆಗೆ ಹರಡಿದ್ದ ತಪ್ಪು ಒಂದೇ ಕಡೆಗೆ ಬಂದು ನಿಂತಿದೆ. ಅಂಕಿ ಅಲ್ಲಾಡದಿದ್ದರೂ ಅವಳು ಕಲಿತಿದ್ದಾಳೆ. ಈ ಹಂತದಲ್ಲಿ ಬಿಟ್ಟು ಹೋದರೆ ಆಗುವ ನಷ್ಟ ದೊಡ್ಡದು.

ನಿಂತಂತೆ ಕಾಣುವ ಕಾಲ

ಕಲಿಕೆ ಒಂದು ಹಂತದಲ್ಲಿ ನಿಂತುಹೋದಂತೆ ಕಾಣುತ್ತದೆ ಎಂಬುದನ್ನು ಮೊದಮೊದಲು ಅಳೆದು ತೋರಿಸಿದವರಲ್ಲಿ ಅಮೆರಿಕದ ಇಂಡಿಯಾನಾದ ಬ್ರಯಾನ್ ಮತ್ತು ಹಾರ್ಟರ್ ಪ್ರಮುಖರು. 1897 ಮತ್ತು 1899ರಲ್ಲಿ ಅವರು ಪ್ರಕಟಿಸಿದ ಅಧ್ಯಯನ ತಂತಿ ಕಚೇರಿಯಲ್ಲಿ ಟೆಲಿಗ್ರಾಫ್ ಕಲಿಯುವವರ ಬಗ್ಗೆ. ಸಂದೇಶವನ್ನು ಕೇಳಿ ಬರೆದುಕೊಳ್ಳುವ ವೇಗ ಮೊದಲು ಏರಿತು. ಆಮೇಲೆ ವಾರಗಟ್ಟಲೆ ಸಮತಟ್ಟು. ಕೆಲಸಕ್ಕೆ ಬೇಕಾದಷ್ಟು ವೇಗ ಇನ್ನೂ ಬಂದಿಲ್ಲ, ಎಷ್ಟು ದುಡಿದರೂ ಮುಂದೆ ಹೋಗುತ್ತಿಲ್ಲ. ಆಮೇಲೆ ಮತ್ತೆ ಏರತೊಡಗಿತು.

ಅದಕ್ಕೆ ಅವರು ಕೊಟ್ಟ ಕಾರಣ ಸ್ವಾರಸ್ಯಕರ. ಕಲಿಯುವವರು ಮೊದಲು ಒಂದೊಂದೇ ಅಕ್ಷರವನ್ನು ಕಿವಿಗೊಟ್ಟು ಗುರುತಿಸುತ್ತಾರೆ. ಅದು ಪೂರ್ತಿ ರೂಢಿಯಾದ ಮೇಲಷ್ಟೇ ಇಡೀ ಪದ ಒಂದೇ ಸದ್ದಾಗಿ ಕೇಳಿಸುತ್ತದೆ, ಆಮೇಲೆ ಪದಗಳ ಗುಂಪು. ಸಮತಟ್ಟಿನ ಆ ವಾರಗಳಲ್ಲಿ ಕೆಳಗಿನ ಹಂತ ಸದ್ದಿಲ್ಲದೆ ಗಟ್ಟಿಯಾಗುತ್ತಿತ್ತು. ಇಂಥ ಸಮತಟ್ಟು ಎಲ್ಲ ಕಲಿಕೆಯಲ್ಲೂ ಬಂದೇ ಬರುತ್ತದೆ ಎಂದೇನಿಲ್ಲ. ಆದರೆ ಟೈಪಿಂಗ್ ಕಲಿತವರನ್ನು ಕೇಳಿ ನೋಡಿ, ಬೆರಳು ಅಕ್ಷರ ಹುಡುಕುವುದನ್ನು ನಿಲ್ಲಿಸಿ ಪದವನ್ನೇ ಹೊಡೆಯತೊಡಗಿದ ದಿನ ಅವರಿಗೆ ನೆನಪಿರುತ್ತದೆ.

ಹಬ್ಬದ ಹಿಂದಿನ ದಿನ ಗಾಂಧಿ ಬಜಾರಿಗೆ ಹೋದರೂ ಇದು ಕಾಣುತ್ತದೆ. ಹೂವು ಕಟ್ಟುವ ಅಮ್ಮ ಗಿರಾಕಿಯ ಜೊತೆ ಚೌಕಾಸಿ ಮಾಡುತ್ತಾ, ಪಕ್ಕದವರಿಗೆ ಚಿಲ್ಲರೆ ಕೊಡುತ್ತಾ, ಕೈ ನೋಡದೆಯೇ ದಾರಕ್ಕೆ ಮಲ್ಲಿಗೆ ಸೇರಿಸುತ್ತಿರುತ್ತಾರೆ. ‘ಹೇಗೆ ಕಟ್ತೀರಿ ಅಮ್ಮ, ಒಂದ್ಸಲ ತೋರಿಸಿ’ ಎಂದು ಕೇಳಿದರೆ ನಿಧಾನಕ್ಕೆ ಮಾಡಿ ತೋರಿಸುವುದೇ ಅವರಿಗೆ ಕಷ್ಟ. ಎರಡು ಹೂವು ಈ ಕಡೆ, ಎರಡು ಆ ಕಡೆ, ದಾರದ ಒಂದು ಸುತ್ತು ಎಂಬ ಲೆಕ್ಕ ಅವರ ತಲೆಯಿಂದ ಬೆರಳಿಗೆ ಇಳಿದು ಎಷ್ಟೋ ಕಾಲವಾಗಿದೆ. ಹೊಸಬರು ಕಟ್ಟಿದ ಮಾಲೆಯಿಂದ ಹೂವು ಉದುರುತ್ತದೆ. ಎಲ್ಲಿ ಉದುರುತ್ತದೆ ಎಂದು ನೋಡಿ ಅಲ್ಲಿಯ ಗಂಟನ್ನು ಬಿಗಿ ಮಾಡಿಸುತ್ತಾರೆಯೇ ಹೊರತು ‘ನಿನಗೆ ಹೂವಿನ ಪ್ರತಿಭೆ ಇಲ್ಲ’ ಎಂದು ಯಾರೂ ಹೇಳುವುದಿಲ್ಲ. ಆಟಕ್ಕೆ, ಓದಿಗೆ ಬಂದಾಗ ಮಾತ್ರ ನಮಗೆ ಪ್ರತಿಭೆಯ ಮಾತು ನೆನಪಾಗುತ್ತದೆ.

ನಾಲ್ಕು ಜನ ಏನಂತಾರೆ

ತಪ್ಪು ಗೊತ್ತಾದ ಮೇಲೆ ನಿಜವಾದ ಪರೀಕ್ಷೆ ಶುರು. ರೂಢಿಯಾದ ಶಾಟನ್ನು ಬದಲಿಸಲು ಹೊರಟರೆ ಮೊದಲು ಆಗುವುದು ಹಿನ್ನಡೆ. ಆರು ಬೀಳುತ್ತಿದ್ದಲ್ಲಿ ಮೂರಕ್ಕೆ ಇಳಿಯುತ್ತದೆ. ಹೆಚ್ಚಿನವರು ಇಲ್ಲಿ ಹೆದರಿ ಹಳೆಯ ದಾರಿಗೇ ಮರಳುತ್ತಾರೆ.

ಸ್ಟೀಫನ್ ಕರಿ ಹೈಸ್ಕೂಲಿನಲ್ಲಿದ್ದಾಗ ಚೆಂಡನ್ನು ಸೊಂಟದ ಹತ್ತಿರದಿಂದ ಎತ್ತಿ ಎಸೆಯುತ್ತಿದ್ದರು. ಆ ಶಾಟ್ ಬೀಳುತ್ತಲೂ ಇತ್ತು. ಆದರೆ ಎತ್ತರದ ಎದುರಾಳಿಗಳು ಮುಂದೆ ಅದನ್ನು ಸುಲಭವಾಗಿ ತಡೆಯುತ್ತಾರೆ ಎಂದು ತಂದೆ ಡೆಲ್ ಕರಿ ಹೇಳಿದರು. ಅವರೂ ಎನ್‌ಬಿಎ ಆಟಗಾರ. ಒಂದು ಬೇಸಿಗೆ ರಜೆಯಿಡೀ ಅಪ್ಪ, ಮಗ ಸೇರಿ ಶಾಟನ್ನು ತಲೆಯ ಮೇಲಿನಿಂದ ಬಿಡುವಂತೆ ತಿದ್ದಿದರು. ಆ ಬೇಸಿಗೆಯಲ್ಲಿ ಹತ್ತಿರದಿಂದ ಬಿಟ್ಟರೆ ದೂರದಿಂದ ಚೆಂಡು ಬೀಳುತ್ತಲೇ ಇರಲಿಲ್ಲ, ತನ್ನ ಪಾಲಿಗೆ ಅದು ಬಹಳ ಕೆಟ್ಟ ಬೇಸಿಗೆಯಾಗಿತ್ತು ಎಂದು ಕರಿ ಆಮೇಲೆ ನೆನೆದಿದ್ದಾರೆ. ಎನ್‌ಬಿಎಯಲ್ಲಿ ಅತಿ ಹೆಚ್ಚು ಮೂರು ಪಾಯಿಂಟಿನ ಬುಟ್ಟಿ ಹಾಕಿದ ದಾಖಲೆಯನ್ನು 2021ರ ಡಿಸೆಂಬರ್‌ನಲ್ಲಿ ತನ್ನದಾಗಿಸಿಕೊಂಡದ್ದು ಹೀಗೆ ತಿದ್ದಿದ ಕೈ.

ಇನ್ನೊಂದು ಕಥೆ ಇದಕ್ಕೆ ಪೂರ್ತಿ ಉಲ್ಟಾ. ವಿಲ್ಟ್ ಚೇಂಬರ್ಲೇನ್ ಫ್ರೀ ಥ್ರೋನಲ್ಲಿ ಬಹಳ ಕಚ್ಚಾ. 1961–62ರ ಋತುವಿನಲ್ಲಿ ಎರಡೂ ಕೈಯಿಂದ ಚೆಂಡು ಹಿಡಿದು ಮಂಡಿಗಳ ನಡುವಿನಿಂದ ಮೇಲಕ್ಕೆ ಎಸೆಯುವ ವಿಧಾನ ಹಿಡಿದರು. ಆ ಋತುವಿನಲ್ಲಿ ಅವರು ನೂರಕ್ಕೆ 61 ಫ್ರೀ ಥ್ರೋ ಹಾಕಿದರು. 1962ರ ಮಾರ್ಚ್ 2ರಂದು ಒಂದೇ ಪಂದ್ಯದಲ್ಲಿ 100 ಪಾಯಿಂಟ್ ಗಳಿಸಿದ ದಿನ 32 ಫ್ರೀ ಥ್ರೋಗಳಲ್ಲಿ 28 ಬಿದ್ದವು. ಇದೇ ವಿಧಾನದಲ್ಲಿ ರಿಕ್ ಬ್ಯಾರಿ ಎನ್‌ಬಿಎ ಆಟದ ಉದ್ದಕ್ಕೂ ನೂರಕ್ಕೆ ಸುಮಾರು 90ರಂತೆ ಹಾಕಿದವರು. ಆದರೂ ಚೇಂಬರ್ಲೇನ್ ಅದನ್ನು ಬಿಟ್ಟುಬಿಟ್ಟರು. 1967–68ರ ಹೊತ್ತಿಗೆ ಅವರ ಲೆಕ್ಕ ನೂರಕ್ಕೆ 38ಕ್ಕೆ ಇಳಿದಿತ್ತು. ಬಿಟ್ಟದ್ದಕ್ಕೆ ಕಾರಣ ಮೊಣಕೈಯ ನೋವೂ ಅಲ್ಲ, ಕೋಚ್ ಬೇಡ ಅಂದದ್ದೂ ಅಲ್ಲ. ಹಾಗೆ ಎಸೆಯುವಾಗ ಹೆಣ್ಣಿಗನ ಹಾಗೆ ಕಾಣುತ್ತೇನೆ ಎಂಬ ನಾಚಿಕೆ! ಆಡುವ ಹೆಣ್ಣುಮಕ್ಕಳಾದ ನಮಗೆ ಇದನ್ನು ಕೇಳಿ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಏಳು ಅಡಿ ಎತ್ತರದ ಆಟಗಾರನಿಗೇ ನಾಲ್ಕು ಜನ ಏನಂತಾರೋ ಎಂಬ ಭಯ ಇತ್ತು ಅಂದರೆ ನಮ್ಮನಿಮ್ಮ ಪಾಡೇನು? ಎಡಗೈಯಲ್ಲಿ ಡ್ರಿಬಲ್ ಕಲಿಯುವುದನ್ನೇ ತೆಗೆದುಕೊಳ್ಳಿ. ‘ಎಡಗೈಯಲ್ಲಿ ತಿನ್ನಬೇಡ, ಎಡಗೈಯಲ್ಲಿ ಕೊಡಬೇಡ’ ಎಂದು ಕೇಳುತ್ತಲೇ ಬೆಳೆದವರು ನಾವು. ಆ ಕೈಗೆ ಇಪ್ಪತ್ತು ವರ್ಷ ಕೆಲಸ ಕೊಟ್ಟೇ ಇಲ್ಲ. ಈಗ ಹದಿನೈದು ದಿನದಲ್ಲಿ ಅದು ಬಲಗೈಯ ಹಾಗೆ ಆಡಬೇಕು ಅಂದರೆ ಹೇಗೆ? ಚೆಂಡು ಕಾಲಿಗೆ ಬಡಿದು ಓಡುತ್ತದೆ, ನೋಡುವವರು ನಗುತ್ತಾರೆ, ನಾವು ಮತ್ತೆ ಬಲಗೈಗೆ ಬರುತ್ತೇವೆ. ನಗುವ ನಾಲ್ಕು ಜನಕ್ಕೆ ಹೆದರಿ ನಾವು ಕೊಡುವ ಬೆಲೆ ಒಂದಿಡೀ ಕೈ.

ಪಂದ್ಯ ಹತ್ತು ಸಲ ಕೊಡುವುದಿಲ್ಲ

ಅಭ್ಯಾಸದ ರೀತಿಯ ಬಗ್ಗೆಯೂ ಒಂದು ಮಾತು. ಒಂದೇ ಜಾಗದಲ್ಲಿ ನಿಂತು ಸಾಲಾಗಿ ನೂರು ಹಾಕಿದರೆ ಕೈಗೆ ಲಯ ಸಿಗುತ್ತದೆ, ಖುಷಿಯೂ ಆಗುತ್ತದೆ. ಆದರೆ ಪಂದ್ಯದಲ್ಲಿ ಯಾರೂ ಹತ್ತು ಫ್ರೀ ಥ್ರೋ ಸಾಲಾಗಿ ಕೊಡುವುದಿಲ್ಲ. ಓಡಿ ಏದುಸಿರು ಬಿಡುವಾಗ ಎರಡು ಕೊಡುತ್ತಾರೆ, ಅಷ್ಟೇ. ಅಂಕಣದ ಆ ತುದಿಗೆ ಓಡಿ ಬಂದು ಎರಡು, ಲೇಅಪ್ ಹಾಕಿ ಬಂದು ಎರಡು, ಹೀಗೆ ಬೆರೆಸಿ ಅಭ್ಯಾಸ ಮಾಡಿದರೆ ಆ ದಿನದ ಅಂಕಿ ಕಡಿಮೆಯಾಗುತ್ತದೆ, ಪಂದ್ಯದ ದಿನ ಕೈಹಿಡಿಯುತ್ತದೆ.

1978ರಲ್ಲಿ ಕೆರ್ ಮತ್ತು ಬೂತ್ ಎಂಬ ಸಂಶೋಧಕರು ಮಕ್ಕಳಿಗೆ ಸಣ್ಣ ಚೀಲಗಳನ್ನು ಗುರಿಗೆ ಎಸೆಯಲು ಹೇಳಿದ್ದರು. ಎಂಟು ವರ್ಷದ ಮಕ್ಕಳಲ್ಲಿ ಒಂದು ಗುಂಪು ಮೂರು ಅಡಿಯಿಂದ ಮಾತ್ರ ಎಸೆದು ಕಲಿಯಿತು. ಇನ್ನೊಂದು ಗುಂಪು ಎರಡು ಮತ್ತು ನಾಲ್ಕು ಅಡಿಯಿಂದ ಎಸೆಯಿತು. ಕೊನೆಗೆ ಪರೀಕ್ಷೆ ಇಟ್ಟದ್ದು ಮೂರು ಅಡಿಯಿಂದ. ಆ ದೂರದಿಂದ ಅಭ್ಯಾಸವನ್ನೇ ಮಾಡದ ಗುಂಪು ಹೆಚ್ಚು ನಿಖರವಾಗಿ ಎಸೆಯಿತು! ಫ್ರೀ ಥ್ರೋ ಗೆರೆಯ ಅಭ್ಯಾಸ ಬೇಡ ಎಂದು ಇದರ ಅರ್ಥವಲ್ಲ. ಅಭ್ಯಾಸದ ಹೊತ್ತಿನಲ್ಲಿ ಸಲೀಸು ಅನ್ನಿಸುವುದೆಲ್ಲ ಕಲಿಕೆಯಲ್ಲ, ತಡವರಿಸಿದ್ದೆಲ್ಲ ಸೋಲೂ ಅಲ್ಲ ಎಂಬುದಷ್ಟೇ ಇದರಿಂದ ನಾವು ತಿಳಿಯಬೇಕಾದದ್ದು.

ಎಲ್ಲ ತಪ್ಪೂ ಆಟಗಾರರದ್ದಲ್ಲ

ಇಷ್ಟು ಹೇಳಿದ ಮೇಲೆ ಎಲ್ಲ ಹೊಣೆಯನ್ನೂ ಕಲಿಯುವವರ ತಲೆಗೇ ಕಟ್ಟಿದರೆ ಅನ್ಯಾಯವಾಗುತ್ತದೆ. ನಮ್ಮ ಮಲೆನಾಡಿನ ಅಂಚಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಮೇಲೆ ಸೂರಿಲ್ಲದ ಸಿಮೆಂಟ್ ಕೋರ್ಟ್ ಆಗ ಪಾಚಿ ಕಟ್ಟಿ ಜಾರುತ್ತದೆ. ಕಾಲೇಜು ಶುರುವಾಗಿ ಹುರುಪು ಇರುವ ತಿಂಗಳುಗಳೇ ಆಟ ನಿಲ್ಲುವ ತಿಂಗಳುಗಳು. ಭದ್ರಾವತಿಯಿಂದ ದಿನಾ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಓದಲು ಬರುವವರಿಗೆ ಸಂಜೆಯ ಅಭ್ಯಾಸ ಅಂದರೆ ಬಸ್ಸಿನ ಲೆಕ್ಕ. ಹುಡುಗಿಯರಾದರೆ ಕತ್ತಲಾಗುವ ಮುಂಚೆ ಮನೆ ಸೇರುವ ಲೆಕ್ಕ. ದೀಪವಿಲ್ಲದ ಕೋರ್ಟಿನಲ್ಲಿ ಹುಡುಗರಿಗೆ ಸಿಗುವ ಮುಕ್ಕಾಲು ಗಂಟೆ ನಮಗೆ ಸಿಗುವುದಿಲ್ಲ.

ಚೆಂಡಿನ ವಿಷಯವೂ ಹಾಗೇ. ಮಹಿಳೆಯರ ಪಂದ್ಯಕ್ಕೆ 6ನೇ ಅಳತೆಯ ಚೆಂಡು, ಪುರುಷರ ಪಂದ್ಯಕ್ಕೆ 7ನೇ ಅಳತೆಯದು ಎಂದು ನಿಯಮವೇ ಇದೆ. ದೊಡ್ಡದು ಸುತ್ತಳತೆಯಲ್ಲೂ ತೂಕದಲ್ಲೂ ಹೆಚ್ಚು. ಒಂದೇ ಚೆಂಡು ಇರುವ ಕಡೆ ಹುಡುಗಿಯರು ದೊಡ್ಡದರಲ್ಲೇ ಅಭ್ಯಾಸ ಮಾಡಿ, ಪಂದ್ಯದ ದಿನ ಸಣ್ಣದನ್ನು ಹಿಡಿಯಬೇಕು. ಮಕ್ಕಳ ಮಿನಿ ಬ್ಯಾಸ್ಕೆಟ್‌ಬಾಲ್‌ಗೆ ರಿಂಗ್ 2.60 ಮೀಟರ್ ಎತ್ತರದಲ್ಲಿರಬೇಕು, ಚೆಂಡು ಇನ್ನೂ ಚಿಕ್ಕದಿರಬೇಕು. ಹತ್ತು ವರ್ಷದ ಮಗುವಿಗೆ 3.05 ಮೀಟರಿನ ರಿಂಗ್ ತೋರಿಸಿ ‘ಹಾಕು’ ಅಂದರೆ ಅದು ಸೊಂಟದಿಂದಲೇ ಚೆಂಡನ್ನು ತೂರಿ ಕಲಿಯುತ್ತದೆ. ದೊಡ್ಡವರಾದ ಮೇಲೆ ತಿದ್ದಲು ಹೆಣಗುವ ಎಷ್ಟೋ ತಪ್ಪುಗಳ ಬೇರು ಅಲ್ಲಿದೆ.

ಆದ್ದರಿಂದ ‘ಯಾಕೆ ಮುಂದೆ ಹೋಗ್ತಿಲ್ಲ’ ಎಂದು ಕೇಳುವ ಮುಂಚೆ ಕಾಲೇಜುಗಳು ತಮ್ಮನ್ನು ತಾವು ಕೇಳಿಕೊಳ್ಳಲಿ: ಹುಡುಗಿಯರಿಗೆ ಬೇರೆ ಚೆಂಡು ಇದೆಯೇ? ಸಂಜೆ ದೀಪ ಇದೆಯೇ? ಮಳೆಗಾಲಕ್ಕೆ ಒಂದು ಸೂರು, ಅದಿಲ್ಲದಿದ್ದರೆ ಗೋಡೆಗೆ ಚೆಂಡು ಬಡಿದು ಪಾಸ್ ಅಭ್ಯಾಸ ಮಾಡಲು ಒಂದು ಜಗಲಿಯಾದರೂ ಇದೆಯೇ? ಒಂದು ದೀಪಕ್ಕೆ, ಒಂದು ಚೆಂಡಿಗೆ ಆಗುವ ಖರ್ಚು ಬಹುಮಾನ ವಿತರಣೆಯ ಶಾಮಿಯಾನಕ್ಕಿಂತ ಕಡಿಮೆಯೇ ಇದ್ದೀತು.

ಓದುವ ಕೋಣೆಗೂ ಇದೇ ಮಾತು

ಕೆಲಸಕ್ಕಾಗಿ ಪರೀಕ್ಷೆ ಬರೆಯುತ್ತಿರುವ ಅಣ್ಣ, ಅಕ್ಕಂದಿರಿಗೂ ಈ ನೋಟ್‌ಬುಕ್ ಹೊಂದುತ್ತದೆ. ಮಾಕ್ ಟೆಸ್ಟಿನ ಒಟ್ಟು ಅಂಕ ಬಿದ್ದ ಚೆಂಡಿನ ಲೆಕ್ಕ. ಬೀಳದ ಚೆಂಡಿಗೆ ಇಲ್ಲಿಯೂ ಕಾಲಂ ಹಾಕಿ: ಗೊತ್ತೇ ಇರಲಿಲ್ಲ, ಗೊತ್ತಿದ್ದೂ ಪ್ರಶ್ನೆ ತಪ್ಪಾಗಿ ಓದಿದೆ, ಎರಡು ಆಯ್ಕೆಯ ನಡುವೆ ಊಹಿಸಿದೆ, ಹೊತ್ತು ಸಾಲಲಿಲ್ಲ. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುವ ಪರೀಕ್ಷೆಗಳಲ್ಲಿ ಮೂರನೇ ಕಾಲಂ ತುಂಬಿರುವವರಿಗೆ ಇನ್ನೊಂದು ಪುಸ್ತಕದಿಂದ ಆಗುವ ಪ್ರಯೋಜನ ಕಡಿಮೆ. ನಾಲ್ಕನೆಯದು ತುಂಬಿದ್ದರೆ ಬೇಕಿರುವುದು ಗಡಿಯಾರ ಇಟ್ಟುಕೊಂಡು ಬರೆಯುವ ಅಭ್ಯಾಸ. ನಾಲ್ವರಿಗೆ ಒಂದೇ ಅಂಕ ಬಂದಿರಬಹುದು, ನಾಲ್ವರ ಮದ್ದು ಬೇರೆ ಬೇರೆ.

ಆದರೆ ಒಂದು ವ್ಯತ್ಯಾಸವನ್ನು ಮುಚ್ಚಿಡಬಾರದು. ಬ್ಯಾಸ್ಕೆಟ್‌ಬಾಲ್ ರಿಂಗ್ 3.05 ಮೀಟರಿನಲ್ಲೇ ಇರುತ್ತದೆ, ಕಟ್-ಆಫ್ ಇರುವುದಿಲ್ಲ. ಹುದ್ದೆಗಳು ಕಡಿಮೆ ಇದ್ದು ಬರೆಯುವವರು ಹೆಚ್ಚಾದರೆ, ನೀವು ನಿಜಕ್ಕೂ ಮುಂದೆ ಹೋಗಿದ್ದರೂ ಪಟ್ಟಿಯಲ್ಲಿ ಹೆಸರು ಬಾರದೆ ಹೋಗಬಹುದು. ಅದು ನಿಮ್ಮ ಕಲಿಕೆಯ ಸೋಲಲ್ಲ. ಫಲಿತಾಂಶದ ಪಟ್ಟಿಯನ್ನೂ ನಿಮ್ಮ ಸಾಮರ್ಥ್ಯವನ್ನೂ ಬೇರೆ ಬೇರೆ ಪುಟದಲ್ಲಿ ಬರೆದಿಟ್ಟುಕೊಳ್ಳುವುದು ಮನಸ್ಸಿನ ಆರೋಗ್ಯಕ್ಕೆ ಬೇಕು.

ಹಾಗೆಯೇ, ಬಿಡುವುದೂ ಒಂದು ನಿರ್ಧಾರ. ‘ಎಂದೂ ಬಿಡಬೇಡ’ ಎಂದು ಗೋಡೆಗೆ ಅಂಟಿಸಿದ ಮಾತು ಚೆನ್ನಾಗಿರುತ್ತದೆ, ಆದರೆ ವಯಸ್ಸು, ಮನೆಯ ಸಾಲ, ತಂಗಿಯ ಫೀಸು ಇವೆಲ್ಲ ಗೋಡೆಗೆ ಗೊತ್ತಿಲ್ಲ. ಆಟವನ್ನೋ ಒಂದು ಪರೀಕ್ಷೆಯನ್ನೋ ಬಿಡುವವರನ್ನು ಹೇಡಿ ಎನ್ನಲು ನಾನು ತಯಾರಿಲ್ಲ. ನನ್ನ ಮನವಿ ಇಷ್ಟೇ: ಆ ನಿರ್ಧಾರವನ್ನು ನಾಲ್ಕು ಬಿದ್ದ ಸಂಜೆ ಮಾಡಬೇಡಿ. ಮೂರು ತಿಂಗಳ ನೋಟ್‌ಬುಕ್ ಮುಂದಿಟ್ಟುಕೊಂಡು ಹಗಲು ಹೊತ್ತಿನಲ್ಲಿ ಮಾಡಿ. ತಪ್ಪಿನ ಜಾಗ ಬದಲಾಗುತ್ತಿದೆಯೇ, ಇನ್ನೂ ತಿದ್ದಲು ದಾರಿಗಳು ಉಳಿದಿವೆಯೇ, ನಿಮಗೆ ಇನ್ನೂ ಅದು ಇಷ್ಟವೇ ಎಂದು ನೋಡಿ. ಆಮೇಲೆ ಬಿಟ್ಟರೂ ಅದರಲ್ಲಿ ಅವಮಾನವಿಲ್ಲ, ಮುಂದುವರಿದರೂ ಅದು ಬರೀ ಹಟವಲ್ಲ.

ಕೊನೆಗೆ ಅಪ್ಪ, ಅಮ್ಮ, ಕೋಚ್, ಮೇಷ್ಟ್ರು, ಪಕ್ಕದ ಮನೆಯ ಅಂಕಲ್ ಎಲ್ಲರಿಗೂ ಒಂದು ಕೋರಿಕೆ. ಬೆವರು ಒರೆಸಿಕೊಂಡು ಬಂದವರನ್ನು ‘ಎಷ್ಟು ಹಾಕಿದೆ?’ ಎಂದು ಕೇಳಬೇಡಿ. ಆ ಪ್ರಶ್ನೆಗೆ ಒಂದು ಅಂಕಿಯಷ್ಟೇ ಉತ್ತರ, ಆಮೇಲೆ ಮಾತು ಮುಗಿಯುತ್ತದೆ. ‘ಬೀಳದ್ದು ಯಾವ ಕಡೆಗೆ ಹೋಗ್ತಿದೆ?’ ಎಂದು ಕೇಳಿ. ಆಗ ಅವಳು ಕೈ ಎತ್ತಿ ಮೊಣಕೈ ತೋರಿಸುತ್ತಾಳೆ, ಮಂಡಿ ಬಗ್ಗಿಸಿ ತೋರಿಸುತ್ತಾಳೆ, ನಾಳೆ ಏನು ಮಾಡಿ ನೋಡಬೇಕು ಎಂದು ಹೇಳುತ್ತಾಳೆ. ಬೆಳಗ್ಗೆ ಎದ್ದು ಮತ್ತೆ ಗೆರೆಯ ಮುಂದೆ ನಿಲ್ಲಲು ಅಷ್ಟು ಸಾಕು.